ಹಳೇ ಆಲ್ಟೋ, ಹೊಸ ಸ್ಪೀಕರ್ರು ಮತ್ತು ಅಪ್ಪನ ಕಿವಿ

ಕಾರಿನ ಸ್ಟೀರಿಯೋ ಅಂದಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ, ಕಿಟಕಿ ಗಾಜೂ ನಂಬರ್ ಪ್ಲೇಟೂ ಒಟ್ಟಿಗೇ ನಡುಗುವ ಕಾರು. ಒಳಗೆ ಯಾವ ಹಾಡು ಬರ್ತಿದೆ ಅಂತ ಗೊತ್ತಾಗಲ್ಲ, ಅದು ಯಾವ ಭಾಷೇದು ಅಂತಾನೂ ಗೊತ್ತಾಗಲ್ಲ, ನಮ್ಮ ಎದೆಗೂಡಿಗೆ ಮಾತ್ರ ಗುದ್ದು ಬೀಳ್ತಾ ಇರತ್ತೆ. ನಾನು ಈಗ ಹೇಳಹೊರಟಿರೋದು ಅದಕ್ಕೆ ಪೂರ್ತಿ ಉಲ್ಟಾ ಕತೆ. ಹಳೇ ಕಾರೊಂದಕ್ಕೆ, ಮಾತು ಕೇಳಿಸಲಿ ಅನ್ನೋ ಒಂದೇ ಕಾರಣಕ್ಕೆ ಸೌಂಡ್ ಸಿಸ್ಟಂ ಹಾಕಿದ ಕತೆ. ಹಾಡಲ್ಲ, ಮಾತು.

ಕಾರು ಅಪ್ಪನದು. 2009ರ ಆಲ್ಟೋ, ಕೆಎ-14, ಅಂದ್ರೆ ಶಿವಮೊಗ್ಗದ್ದು. ಅಪ್ಪ ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದು 2021ರಲ್ಲಿ ರಿಟೈರಾದ. ಮರುವರ್ಷ ಅಪ್ಪ, ಅಮ್ಮ, ಆಲ್ಟೋ ಮೂರೂ ಬೆಂಗಳೂರಿಗೆ ನನ್ನ ಹತ್ರ ಬಂದವು. 2024ರಲ್ಲಿ ಕಾರಿಗೆ ಹದಿನೈದು ತುಂಬಿತು. "ಮಾರಿಬಿಡೋಣ" ಅಂದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ (ಇದನ್ನ ಎರಡೂ ಅರ್ಥದಲ್ಲಿ ಓದಿಕೊಳ್ಳಬಹುದು). ಶಿವಮೊಗ್ಗಕ್ಕೆ ಹೋಗಿ ಆರ್‌ಸಿಯನ್ನ ಇನ್ನೈದು ವರ್ಷಕ್ಕೆ ಮುಂದುವರಿಸಿಕೊಂಡೇ ಬಂದ. ಹಾಗಾಗಿ ಮಾರೋ ಮಾತಿಲ್ಲ, ಹೊಸದು ಕೊಳ್ಳೋ ದುಡ್ಡೂ ಇಲ್ಲ. ನನ್ನ ಎಜುಕೇಶನ್ ಲೋನು ಮೊನ್ನೆ ಮೊನ್ನೆ ತೀರಿದೆಯಷ್ಟೇ. ನಮ್ಮನೆಯ ಹಣಕಾಸು ಸಚಿವೆ ಅಮ್ಮ. ಕಾರಿನ ಸೌಂಡಿಗೆ ಅಂತ ಅಮ್ಮ ಮಂಜೂರು ಮಾಡಿದ್ದು ಹತ್ತು ಸಾವಿರ ರೂಪಾಯಿ. "ಅದರ ಮೇಲೆ ಒಂದು ರೂಪಾಯಿ ಕೇಳಬೇಡ" ಅಂದಳು.

ಇನ್ನು ಕಾರಿನಲ್ಲಿ ಮೊದಲಿದ್ದ ಸ್ಟೀರಿಯೋ ಬಗ್ಗೆ ಹೇಳಬೇಕು. ಆಲ್ಟೋಗೂ ಮುಂಚೆ ನಮ್ಮನೇಲಿ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ಇತ್ತು. ಅದರಲ್ಲಿ ಕ್ಯಾಸೆಟ್ ಡೆಕ್ ಇತ್ತು. 2009ರಲ್ಲಿ ಊರಿನವರೆಲ್ಲ ಪೆನ್‌ಡ್ರೈವ್ ಹಾಕೋ ಸ್ಟೀರಿಯೋ ತಗೊಳ್ತಿದ್ರೆ, ಅಪ್ಪ ಹಟ ಮಾಡಿ ಹಳೇ ಕಾರಿನ ಕ್ಯಾಸೆಟ್ ಡೆಕ್ಕನ್ನೇ ಬಿಚ್ಚಿಸಿ ಹೊಸ ಆಲ್ಟೋಗೆ ಕೂರಿಸಿದ್ದ. ಜೊತೆಗೆ ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆ ಮೇಲೆ ಎರಡು ದೊಡ್ಡ ಮೊಟ್ಟೆ ಆಕಾರದ ಸ್ಪೀಕರ್ರು, ಆರಿಂಚು-ಒಂಬತ್ತಿಂಚಿನವು. ಕಾರಣ, ಅಪ್ಪನ ಹತ್ರ ಇರೋ ನೂರ ಹತ್ತು ಕ್ಯಾಸೆಟ್ಟುಗಳು. ಅವುಗಳಲ್ಲಿ ಹಾಡಿನವು ಕಮ್ಮಿ. ಕಾಳಿಂಗ ನಾವಡರ ಭಾಗವತಿಕೆಯ ಒಂದಷ್ಟು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಒಂದಷ್ಟು, ಮಿಕ್ಕಿದ್ದೆಲ್ಲ ಊರು ಊರು ತಿರುಗಿ ಅಪ್ಪನೇ ರೆಕಾರ್ಡ್ ಮಾಡಿಕೊಂಡ ತಾಳಮದ್ದಳೆಗಳು. ತಾಳಮದ್ದಳೆ ಗೊತ್ತಲ್ಲ? ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡೋದೇ ಆಟ. ಮಾತು ಕೇಳದಿದ್ರೆ ಅಲ್ಲಿ ಏನೂ ಇಲ್ಲ.

ಆ ನೂರ ಹತ್ತರಲ್ಲಿ ಒಂದು ಕ್ಯಾಸೆಟ್ಟಿಗೆ ಮಾತ್ರ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಾನೆ. '1986, ವಾಲಿವಧೆ, ದೇವಸ್ಥಾನ' ಅಂತ ಶಾಯಿಯಲ್ಲಿ ಬರೆದಿದೆ. ಅದರಲ್ಲಿ ನನ್ನಜ್ಜ ಇದ್ದಾನೆ. ಅಜ್ಜ ದೊಡ್ಡ ಅರ್ಥಧಾರಿಯೇನಲ್ಲ, ಅಡಿಕೆ ತೋಟ ಮಾಡಿಕೊಂಡಿದ್ದವ. ಊರ ತಾಳಮದ್ದಳೆಯಲ್ಲಿ ಯಾರಾದ್ರೂ ಬರದಿದ್ರೆ ಆ ಜಾಗಕ್ಕೆ ಕೂರ್ತಿದ್ದನಂತೆ. ಆ ರಾತ್ರಿ ವಾಲಿಯ ಹೆಂಡತಿ ತಾರೆಯ ಅರ್ಥ ಹೇಳೋದಕ್ಕೆ ಕೂತಿದ್ದ. ಹತ್ತೇ ನಿಮಿಷ. 1994ರಲ್ಲಿ ಅಜ್ಜ ತೀರಿಕೊಂಡ. ನಾನು ಹುಟ್ಟಿದ್ದೇ ಆಮೇಲೆ. ಅಜ್ಜನ ದನಿ ಅಂತ ಭೂಮಿ ಮೇಲೆ ಉಳಿದಿರೋದು ಆ ಹತ್ತು ನಿಮಿಷ ಮಾತ್ರ.

ಈ ಎರಡು-ಮೂರು ವರ್ಷದಲ್ಲಿ ಅಪ್ಪನ ಕಿವಿ ಮಂದವಾಗ್ತಾ ಬಂತು. ಮೊದಮೊದಲು ಟಿವಿ ವಾಲ್ಯೂಮು ಏರಿತು. ಆಮೇಲೆ ಕಾರಿನದ್ದು. ಅಮ್ಮ ಮುಂದಿನ ಸೀಟು ಬಿಟ್ಟು ಹಿಂದೆ ಹೋದರೆ ಅಲ್ಲಿ ತಲೆ ಹಿಂದೇನೇ ಆ ಎರಡು ಮೊಟ್ಟೆ ಸ್ಪೀಕರ್ರು! ಕೊನೆಗೆ ಅಮ್ಮ ಕಾರು ಹತ್ತೋದನ್ನೇ ಬಿಟ್ಟು ಮೆಟ್ರೋದಲ್ಲಿ ಓಡಾಡತೊಡಗಿದಳು. ಇದೆಲ್ಲ ತಮಾಷೆಯಾಗಿ ಹೇಳಬಹುದು. ಆದ್ರೆ ನನಗೆ ಹೆದರಿಕೆ ಹುಟ್ಟಿಸಿದ್ದು ಸದ್ದಲ್ಲ, ಅಪ್ಪನ ಮೌನ. ಯಾವುದಕ್ಕೂ ವಾದ ಮಾಡದೆ ಬಿಡ್ತಿರಲಿಲ್ಲ ಅಪ್ಪ. ಅಂಥವನು ಎಲ್ಲದಕ್ಕೂ "ಹ್ಞೂಂ" ಅನ್ನೋಕೆ ಶುರು ಮಾಡಿದ. "ಊಟ ಆಯ್ತಾ?" - ಹ್ಞೂಂ. "ನಾಳೆ ಯಾರು ಬರ್ತಾರೆ?" - ಹ್ಞೂಂ. ಕೇಳಿಸಲಿಲ್ಲ ಅಂತ ಹೇಳೋದಕ್ಕಿಂತ ಒಪ್ಪಿಕೊಳ್ಳೋದೇ ಸುಲಭ ಅಂತ ತೀರ್ಮಾನಿಸಿದ ಹಾಗಿತ್ತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದೆ. ಅಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ, ಗ್ರಾಫ್ ತೆಗೆದುಕೊಟ್ಟರು. ಬಲಗಿವಿ ಚಿಕ್ಕಂದಿನಲ್ಲಿ ಸೋರಿ ಮೊದಲೇ ಸುಮಾರಾಗಿತ್ತು. ಎಡಗಿವಿಯ ಗೆರೆ ತಗ್ಗು ಸ್ವರಗಳಲ್ಲಿ ನೆಟ್ಟಗೆ ಬಂದು, 2000 ಹರ್ಟ್ಸ್ ದಾಟ್ತಿದ್ದಂತೆ ಜಾರುಬಂಡಿ ಥರ ಕೆಳಗಿಳಿದಿತ್ತು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹೀಗೇ ಅಂತೆ. ಮೇಲಿನ ಕಂಪನಾಂಕಗಳು ಮೊದಲು ಹೋಗ್ತವೆ. ಅ, ಆ, ಓ ಇವೆಲ್ಲ ತಗ್ಗಿನಲ್ಲಿರೋದ್ರಿಂದ ಚೆನ್ನಾಗಿ ಕೇಳ್ತವೆ. ಸ, ಶ, ತ, ಚ, ಕ ಇವುಗಳ ಗುರುತು ಇರೋದೇ ಮೇಲೆ. ಹಾಗಾಗಿ ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗತ್ತೆ, ಏನು ಮಾತಾಡ್ತಿದಾರೆ ಅಂತ ಗೊತ್ತಾಗಲ್ಲ. ಕನ್ನಡ ಮೇಷ್ಟ್ರು ಅಲ್ವಾ, ಹೊರಗೆ ಬಂದು ಅಪ್ಪ ಅಂದ: "ಎಲೆ ಮೇಲೆ ಬರೀ ಅನ್ನ ಬಡಿಸಿದಾರೆ ಮಾರಾಯ, ಸ್ವರ ಉಂಟು, ವ್ಯಂಜನ ಇಲ್ಲ."

ಹಿಯರಿಂಗ್ ಏಡ್ ಹಾಕಿಕೊಳ್ಳಿ ಅಂತ ಬರೆದುಕೊಟ್ಟರು. ಅಪ್ಪ ರಿಪೋರ್ಟನ್ನ ಮಡಚಿ ಬೀರುವಿನಲ್ಲಿಟ್ಟ. "ಕಣ್ಣಿಗೆ ಹಾಕ್ಕೊಂಡ್ರೆ ಓದಿದವನು ಅಂತಾರೆ, ಕಿವಿಗೆ ಹಾಕ್ಕೊಂಡ್ರೆ ಮುದುಕ ಅಂತಾರೆ" ಅಂತ ಒಂದು ವಾಕ್ಯದಲ್ಲಿ ಮುಗಿಸಿದ. ಅಲ್ಲಿಗೆ ನನ್ನ ಕೈಲಿ ಉಳಿದಿದ್ದು ಕಾರು ಮಾತ್ರ. ಕಿವಿ ಸರಿ ಮಾಡೋದಕ್ಕೆ ಬಿಡಲ್ಲ ಅಂದ್ರೆ ಕಿವಿಗೆ ಬೀಳೋದನ್ನಾದ್ರೂ ಸರಿ ಮಾಡೋಣ ಅಂತ ಹೊರಟೆ.

ಮೊದಲು ಕೈ ಹಾಕಿದ್ದು ಕಾರಿಗಲ್ಲ, ಕ್ಯಾಸೆಟ್ಟಿಗೆ. ಬಿಸಿಲಲ್ಲಿ ಬೇಯೋ ಹಳೇ ಡೆಕ್ಕು ಯಾವತ್ತು ಟೇಪನ್ನ ಸುತ್ತಿಕೊಂಡು ಜಗಿಯತ್ತೋ ಹೇಳೋಕಾಗಲ್ಲ. ಮನೇಲಿದ್ದ ಹಳೇ ಟೇಪ್‌ರೆಕಾರ್ಡರಿಗೆ ಎಸ್‌ಪಿ ರೋಡಿನಿಂದ ಹೊಸ ರಬ್ಬರ್ ಬೆಲ್ಟ್ ತಂದು ಹಾಕಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿದರೆ ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಆಮೇಲೆ ಇನ್ನೊಂದು ಕೆಲಸ, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಟೇಪ್ ಹೆಡ್ಡಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರತ್ತೆ. ಹೆಡ್ಡು ಟೇಪಿಗೆ ನೇರವಾಗಿ ನಿಂತಿದೆಯೋ ಓರೆಯಾಗಿದೆಯೋ ಅನ್ನೋದನ್ನ ಅದು ನಿರ್ಧರಿಸೋದು. ಕೂದಲೆಳೆಯಷ್ಟು ಓರೆಯಾದರೂ ಮೊದಲು ಸಾಯೋದು ಮೇಲಿನ ಸ್ವರಗಳು, ಅಂದ್ರೆ ಅದೇ ವ್ಯಂಜನಗಳು! ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಇಟ್ಟುಕೊಂಡು, ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸ್ತಿದ್ದರೆ ಒಂದು ಕಡೆ ಕಂಬಳಿ ತೆಗೆದ ಹಾಗೆ ಸದ್ದು ಬಿಚ್ಚಿಕೊಳ್ಳತ್ತೆ. ತಾಳದ ಟಿಣ್ ಅನ್ನೋದು ಚುರುಕಾಗಿ ಕೇಳಿದ ಜಾಗದಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪಿಗೆ ವೈರ್ ಕೊಟ್ಟು, ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿಕೊಂಡೆ. ಇದೆಲ್ಲದಕ್ಕೂ ಖರ್ಚು 150 ರೂಪಾಯಿ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಟೆಸ್ಟ್ ಇಲ್ಲದೆ ಏನನ್ನೂ ಬದಲಾಯಿಸಬಾರದು ಅಂತ ನಮ್ಮ ಕಡೆ ಒಂದು ಮಡಿ ಇದೆ. ಅಮ್ಮನ ದನಿಯಲ್ಲಿ ಇಪ್ಪತ್ತೈದು ಪದ ರೆಕಾರ್ಡ್ ಮಾಡಿದೆ. ಕಾಲು, ಸಾಲು, ಹಾಲು, ಪಾಲು... ಕಟ್ಟು, ತಟ್ಟು, ಚಟ್ಟು, ಪಟ್ಟು... ಹೀಗೆ ಒಂದೇ ಅಕ್ಷರದಲ್ಲಿ ವ್ಯತ್ಯಾಸ ಇರುವಂಥವು. ಕನಕಪುರ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗ್ತಾ, ಕ್ಯಾಸೆಟ್ ಆಕಾರದ ಅಡಾಪ್ಟರಿನಿಂದ ಹಳೇ ಡೆಕ್ಕಿಗೆ ಫೋನ್ ಸೇರಿಸಿ ಕೇಳಿಸಿದೆ. ಅಪ್ಪ ನೋಟ್‌ಬುಕ್ಕಿನಲ್ಲಿ ಬರೀಬೇಕು. "ಜೀವಮಾನ ಪೂರ್ತಿ ಉಕ್ತಲೇಖನ ಕೊಟ್ಟವನಿಗೆ ಈಗ ನೀನು ಕೊಡ್ತೀಯಾ?" ಅಂತ ಗೊಣಗಿದರೂ ಶಿಸ್ತಾಗಿ ಮಾರ್ಜಿನ್ ಎಳೆದುಕೊಂಡು ಬರೆದ. ಮನೆಗೆ ಬಂದಮೇಲೆ ಅಮ್ಮ ಕೆಂಪು ಪೆನ್ನಿನಲ್ಲಿ ತಿದ್ದಿದಳು. ಇಪ್ಪತ್ತೈದಕ್ಕೆ ಹನ್ನೊಂದು.

ಜೆ.ಸಿ. ರೋಡಿಗೆ ಹೋದೆ. ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್ಲಿನ ತನಕ, ಆ ಕಡೆ ಈ ಕಡೆ ಕಾರಿನ ಸಾಮಾನಿನ ಅಂಗಡಿಗಳೇ. ನಡುವೆ ರವೀಂದ್ರ ಕಲಾಕ್ಷೇತ್ರ. ಒಂದು ಅಂಗಡಿಯ ಹುಡುಗ ನನ್ನ ಕತೆ ಪೂರ್ತಿ ಕೇಳಿ, "ಸಾರ್, ನಿಮ್ ಬಜೆಟ್ಟಿಗೆ ಒಂದು ಬಾಸ್ ಟ್ಯೂಬ್ ಹಾಕ್ಸಿಬಿಡಿ, ಹಿರಿಯರು ಖುಷಿಯಾಗೋಗ್ತಾರೆ" ಅಂದ. ಇನ್ನೊಂದು ಕಡೆ ಇಡೀ ಡ್ಯಾಶ್‌ಬೋರ್ಡ್ ಮುಚ್ಚುವಷ್ಟು ದೊಡ್ಡ ಸ್ಕ್ರೀನ್ ತೋರಿಸಿದರು. ಯೂಟ್ಯೂಬ್ ಬರತ್ತಂತೆ. ನಮಗೆ ಬೇಕಿರೋದು ಕಿವಿಗೆ, ಕಣ್ಣಿಗಲ್ಲ.

ಬಾಸ್ ಯಾಕೆ ಬೇಡ ಅಂತ ಇಲ್ಲಿ ಹೇಳಿಬಿಡ್ತೀನಿ. ಓಡುವ ಕಾರಿನೊಳಗಿನ ಗದ್ದಲ ಹೆಚ್ಚಾಗಿ ತಗ್ಗು ಸ್ವರದ್ದು: ಟೈರಿನ ಗುಂಯ್, ಇಂಜಿನ್ನಿನ ಗುರ್, ಬಾಗಿಲಿನ ತಗಡಿನ ನಡುಕ. ತಗ್ಗಿನ ಸದ್ದಿಗೆ ಒಂದು ಗುಣ ಇದೆ, ಅದು ಜೋರಾದಾಗ ತನಗಿಂತ ಮೇಲಿರೋ ಸ್ವರಗಳನ್ನೂ ನುಂಗತ್ತೆ. ಮೊದಲೇ ಇರೋ ಗದ್ದಲಕ್ಕೆ ನಾವು ಬಾಸ್ ಸೇರಿಸಿದರೆ ಮಾತು ಇನ್ನಷ್ಟು ಮುಳುಗತ್ತೆ. ಅಪ್ಪ ಇಷ್ಟು ದಿನ ಮಾಡ್ತಾ ಇದ್ದಿದ್ದೂ ಅದೇ, ವಾಲ್ಯೂಮ್ ಏರಿಸಿದ ಹಾಗೆಲ್ಲ ಅನ್ನ ಜಾಸ್ತಿ ಬೀಳ್ತಿತ್ತು, ವ್ಯಂಜನ ಅಲ್ಲ.

ಇನ್ನೊಂದು ಮಜಾ ವಿಷಯ. ಎಲ್ಲ ಸ್ಟೀರಿಯೋ ಡಬ್ಬದ ಮೇಲೂ '50 ವ್ಯಾಟ್ x 4', '52 ವ್ಯಾಟ್ x 4' ಅಂತ ಹಾಕಿರ್ತಾರೆ. ಇದು ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಮಾಡಬಹುದು. ಇಂಜಿನ್ ಓಡ್ತಿರುವಾಗ ಕಾರಿನ ಸಪ್ಲೈ ಸುಮಾರು 14.4 ವೋಲ್ಟ್. ಸ್ಪೀಕರ್ 4 ಓಮ್. 14.4ನ್ನ 14.4ರಿಂದ ಗುಣಿಸಿ 4ರಿಂದ ಭಾಗಿಸಿ: 51.84! ಅಂದ್ರೆ ಬ್ಯಾಟರಿಯನ್ನ ನೇರವಾಗಿ ಸ್ಪೀಕರಿಗೆ ಕಟ್ಟಿದರೆ ಎಷ್ಟೋ ಅಷ್ಟು. ನಿಜವಾದ ದನಿಯ ಅಲೆಗೆ ಲೆಕ್ಕ ಹಾಕಿದರೆ ಅದರ ಅರ್ಧ, ಸುಮಾರು 26. ಒಡಕಿಲ್ಲದೆ ಸಿಗೋದು ಇಪ್ಪತ್ತರ ಆಸುಪಾಸು. ಹಾಗಾಗಿ ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ದುಡ್ಡು ಕೊಡೋ ಅಗತ್ಯ ಇಲ್ಲ. ಸ್ಪೀಕರಿನ ಡಬ್ಬದ ಮೇಲೆ 'ಸೆನ್ಸಿಟಿವಿಟಿ' ಅಂತ ಡೆಸಿಬೆಲ್ಲಿನಲ್ಲಿ ಒಂದು ಅಂಕಿ ಇರತ್ತೆ, ಅದನ್ನ ನೋಡಿ. 89 ಇರೋದಕ್ಕಿಂತ 92 ಇರೋದು ಅರ್ಧ ವ್ಯಾಟಿಗೇ ಅಷ್ಟೇ ಸದ್ದು ಕೊಡತ್ತೆ. ಕಮ್ಮಿ ದುಡ್ಡಿನವರಿಗೆ ಇದಕ್ಕಿಂತ ದೊಡ್ಡ ಡಿಸ್ಕೌಂಟ್ ಇಲ್ಲ.

ಕೊನೆಗೆ ತಗೊಂಡಿದ್ದು: ಸಿಡಿ ಇಲ್ಲದ, ಯುಎಸ್‌ಬಿ ಮತ್ತು ಬ್ಲೂಟೂತ್ ಮಾತ್ರ ಇರೋ ಸಿಂಗಲ್ ಡಿನ್ ಸ್ಟೀರಿಯೋ, 3,900. ಮುಂದಿನ ಬಾಗಿಲುಗಳಿಗೆ ಐದೂಕಾಲು ಇಂಚಿನ ಕೋಆಕ್ಸಿಯಲ್ ಸ್ಪೀಕರ್ ಒಂದು ಜೊತೆ, 2,300. ಅದನ್ನ ಕೂರಿಸೋದಕ್ಕೆ ಮರದ ಪುಡಿ ಹಲಗೆಯ ರಿಂಗು, 300. ವೈರು, ಕಪ್ಲರ್ರು, 350. ಬ್ಯೂಟೈಲ್ ರಬ್ಬರಿನ ಅಂಟು ಶೀಟು, ಒಂದು ಮಗ್ಗುಲಲ್ಲಿ ಅಲ್ಯುಮಿನಿಯಂ ಹಾಳೆ ಇರುವಂಥದು, 1,400. ಬಾಗಿಲಿನ ರಬ್ಬರ್ ಬೀಡಿಂಗು, 450. (ಕಂಪನಿ ಹೆಸರು ಹೇಳಿದರೆ ಜಾಹೀರಾತು ಆಗತ್ತೆ, ಬಿಡಿ.) ಆಂಪ್ಲಿಫೈಯರ್ ಇಲ್ಲ, ಸಬ್‌ವೂಫರ್ ಇಲ್ಲ.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬಾಗಿಲು ಬಿಚ್ಚಿದೆ. ಅಪ್ಪ ಟಾರ್ಚ್ ಹಿಡಿದ. ಬಾಗಿಲಿನ ಒಳ ಹಲಗೆ ತೆಗೆದರೆ ಒಳಗೆ ದೊಡ್ಡ ದೊಡ್ಡ ತೂತುಗಳಿರೋ ತಗಡು. ಸ್ಪೀಕರ್ ಮುಂದಕ್ಕೆ ಎಷ್ಟು ಗಾಳಿ ತಳ್ಳತ್ತೋ ಅಷ್ಟೇ ಗಾಳಿಯನ್ನ ಹಿಂದಕ್ಕೆ ಎಳೆಯತ್ತೆ. ಆ ತೂತುಗಳಿಂದ ಹಿಂದಿನ ಸದ್ದು ಮುಂದೆ ಬಂದರೆ ಒಂದಕ್ಕೊಂದು ವಜಾ ಆಗಿಬಿಡತ್ತೆ. ಅದಕ್ಕೇ ತೂತುಗಳನ್ನ ಶೀಟಿನಿಂದ ಮುಚ್ಚಬೇಕು. ಹೊರಗಿನ ತಗಡಿಗೆ ಒಳಗಿನಿಂದ ಅಂಟಿಸಬೇಕು. ಇಡೀ ತಗಡನ್ನ ಮುಚ್ಚಬೇಕಿಲ್ಲ, ನಡುಭಾಗದಲ್ಲಿ ಒಂದು ಪಾಲು ಅಂಟಿಸಿದರೂ ಡಬ್ಬದ ಥರ ಗಣಗಣ ಅನ್ನೋದು ನಿಂತು ಮರದ ಹಲಗೆ ತಟ್ಟಿದ ಹಾಗೆ 'ಟಪ್' ಅನ್ನತ್ತೆ. ಎರಡು ಎಚ್ಚರಿಕೆ: ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗೋ ತೂತುಗಳಿರ್ತವೆ, ಅವನ್ನ ಮುಚ್ಚಬಾರದು. ಸ್ಪೀಕರ್ ಕೂರಿಸೋಕೆ ಮುಂಚೆ ಗಾಜನ್ನ ಪೂರ್ತಿ ಇಳಿಸಿ ಮ್ಯಾಗ್ನೆಟ್ಟಿಗೆ ತಾಗಲ್ಲ ಅಂತ ನೋಡಿಕೊಳ್ಳಬೇಕು.

ಅಪ್ಪನಿಗೆ ತುಂಬಾ ಇಷ್ಟವಾಗಿದ್ದು ಸೆಲ್ ಪರೀಕ್ಷೆ. ಒಂದೂವರೆ ವೋಲ್ಟಿನ ಪೆನ್‌ಸೆಲ್ಲನ್ನ ಸ್ಪೀಕರಿನ ವೈರಿಗೆ ಕ್ಷಣಕಾಲ ಮುಟ್ಟಿಸಿದರೆ, ಪ್ಲಸ್ಸಿಗೆ ಪ್ಲಸ್ ಆಗಿದ್ದಲ್ಲಿ ಕೋನ್ ಹೊರಕ್ಕೆ ಚಿಮ್ಮತ್ತೆ, ತಿರುಗುಮುರುಗಾಗಿದ್ದರೆ ಒಳಕ್ಕೆ. ಎರಡೂ ಸ್ಪೀಕರು ಒಂದೇ ದಿಕ್ಕಿಗೆ ಚಿಮ್ಮಬೇಕು. ಒಂದು ಒಳಗೆ, ಒಂದು ಹೊರಗೆ ಆದರೆ ಮಾತಾಡುವವನ ದನಿ ಎದುರಿಗೆ ನಿಲ್ಲದೆ ಕಾರಿನ ತುಂಬಾ ಚೆಲ್ಲಿಹೋಗತ್ತೆ. ಅಪ್ಪ ನಾಲ್ಕೈದು ಸಲ ಮುಟ್ಟಿಸಿ ನೋಡಿ, "ಗೋಪುರದ ಪಾರಿವಾಳದ ಎದೆ ಥರ ಉಬ್ತದಲ್ಲ ಮಾರಾಯ" ಅಂದ. ಸ್ಟೀರಿಯೋ ಜೋಡಿಸೋ ವೈರಿಂಗನ್ನ ಮಾತ್ರ ಮನೆ ಹತ್ರದ ಕಾರ್ ಎಲೆಕ್ಟ್ರಿಷಿಯನ್ ಹತ್ರ ಮಾಡಿಸಿದೆ, 700 ರೂಪಾಯಿ. ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಬಾಡಿಗೆ. ಇಷ್ಟು ಗೊತ್ತಿದ್ರೆ ಪಕ್ಕದಲ್ಲಿ ನಿಂತು ಯಜಮಾನಿಕೆ ಮಾಡಬಹುದು.

ಹಿಂದಿನ ಎರಡು ಮೊಟ್ಟೆಗಳನ್ನ ಬಿಚ್ಚಿದೆ. ಮಾತು ಎದುರಿನಿಂದ ಬರಬೇಕು, ಬೆನ್ನ ಹಿಂದಿನಿಂದಲ್ಲ. ಅಪ್ಪ ಈಗ ಕೂರೋದು ಎಡಗಡೆ ಸೀಟಿನಲ್ಲಿ. ಅವನ ಒಳ್ಳೆ ಕಿವಿ, ಎಡಗಿವಿ, ಬಾಗಿಲಿನ ಸ್ಪೀಕರಿನ ಪಕ್ಕಕ್ಕೇ ಬರತ್ತೆ. ಸ್ಟೀರಿಯೋದಲ್ಲಿ 100 ಹರ್ಟ್ಸಿಗಿಂತ ಕೆಳಗಿನದನ್ನ ತಡೆಯೋ ಫಿಲ್ಟರ್ ಹಾಕಿ, ಬಾಸ್ ಇಳಿಸಿ, 2500 ಹರ್ಟ್ಸಿನ ಹತ್ರ ಸ್ವಲ್ಪ ಏರಿಸಿದೆ. ನನ್ನ ಕಿವಿಗೆ ಅದು ಒಣಕಲು ಅನ್ನಿಸತ್ತೆ. ನನ್ನ ಕಿವಿಗೆ ಮಾಡಿದ್ದಲ್ಲವಲ್ಲ.

ಪುಕ್ಕಟೆ ಕೆಲಸಗಳೂ ಇದ್ದವು. ಬಾಗಿಲಿನ ಚೀಲದಲ್ಲಿದ್ದ ಚಿಲ್ಲರೆ ಕಾಸು, ಡಿಕ್ಕಿಯಲ್ಲಿ ಸಡಿಲವಾಗಿ ಕುಣೀತಿದ್ದ ಜಾಕು, ಅಮ್ಮನ ಎರಡು ಸ್ಟೀಲ್ ಡಬ್ಬ, ಡ್ಯಾಶ್‌ಬೋರ್ಡಿನ ಸಡಿಲ ಸ್ಕ್ರೂ. ಫೋನಿನ ಆಪ್‌ನಲ್ಲಿ ಮೊದಲೂ ಆಮೇಲೂ ಅಳೆದಿದ್ದೆ. ಅದೇ ರಸ್ತೆ, ಅದೇ 60ರ ವೇಗ, ಎರಡು ಡೆಸಿಬೆಲ್ ಇಳಿದಿತ್ತು. ಎರಡೇ ಅಂತ ಮೂಗು ಮುರೀಬೇಡಿ. ಗದ್ದಲ ಎರಡು ಡೆಸಿಬೆಲ್ ಇಳಿಯೋದೂ ಒಂದೇ, ಆಂಪ್ಲಿಫೈಯರನ್ನ ಒಂದೂವರೆ ಪಟ್ಟು ದೊಡ್ಡದು ತರೋದೂ ಒಂದೇ. ನನಗೆ ಇದರಲ್ಲಿ ಹೊಳೆದಿದ್ದು ಇಷ್ಟೇ: ಕಮ್ಮಿ ದುಡ್ಡಿನಲ್ಲಿ ಸದ್ದನ್ನ ಕೊಳ್ಳೋದಕ್ಕಿಂತ ನಿಶ್ಶಬ್ದವನ್ನ ಕೊಳ್ಳೋದು ಅಗ್ಗ. ಸದ್ದು ಹೆಚ್ಚಿಸಿದರೆ ಕಾರಿನಲ್ಲಿ ಸ್ಟೀರಿಯೋ ಒಂದೇ ಕೇಳತ್ತೆ. ಗದ್ದಲ ಇಳಿಸಿದರೆ ಪಕ್ಕದಲ್ಲಿ ಕೂತವರೂ ಕೇಳ್ತಾರೆ. ಡ್ರೈವರ್ ಸೀಟಿನಲ್ಲಿರೋ ನಾನು ಇರೋದು ಅಪ್ಪನ ಕೆಟ್ಟ ಕಿವಿಯ ಕಡೆ. ಆ ದಿನ ವಾಪಸ್ ಬರ್ತಾ "ಕಾಫಿ ಕುಡಿಯೋಣ್ವಾ?" ಅಂದೆ. "ಬೇಡ, ಮನೇಲೇ ಕುಡಿಯೋಣ, ಇಲ್ಲಿ ಸಕ್ಕರೆ ಸುರೀತಾರೆ" ಅಂದ. ಹ್ಞೂಂ ಅನ್ನಲಿಲ್ಲ!

ಮತ್ತೆ ಉಕ್ತಲೇಖನ. ಪದಗಳ ಕ್ರಮ ಬದಲಾಯಿಸಿದ್ದೆ, ನಿಂತ ಕಾರಿನಲ್ಲಿ ಅಪ್ಪನ ತಲೆ ಹತ್ರ ಆಪ್ ತೋರಿಸೋ ಅಂಕಿ ಮೊದಲಿನಷ್ಟೇ ಇರೋ ಹಾಗೆ ವಾಲ್ಯೂಮ್ ಇಟ್ಟಿದ್ದೆ. ಇಪ್ಪತ್ತೈದಕ್ಕೆ ಹತ್ತೊಂಬತ್ತು.

ಅದಾದ ಎರಡು ವಾರಕ್ಕೆ ಊರಿಗೆ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ, ಬಹಳ ದಿನದ ಮೇಲೆ. ತಿಪಟೂರು, ಅರಸೀಕೆರೆ, ಕಡೂರಿನ ತನಕ ಕಾಳಿಂಗ ನಾವಡರು. ಶಿವಮೊಗ್ಗ ದಾಟಿ ತುಂಗೆಯ ಪಕ್ಕದ ರಸ್ತೆ ಹಿಡಿದ ಮೇಲೆ ಅಪ್ಪ, "ಅಪ್ಪಯ್ಯಂದು ಹಾಕು" ಅಂದ. 1986ರದ್ದು.

ಇಲ್ಲಿ ಒಂದು ಹಿಂದಿನ ಕತೆ ಹೇಳಬೇಕು. ಆ ವರ್ಷ ಅಜ್ಜನಿಗೂ ಅವನ ತಮ್ಮನಿಗೂ, ಅಂದ್ರೆ ನನ್ನ ಚಿಕ್ಕಜ್ಜನಿಗೂ, ತೋಟದ ಪಾಲಿನ ವ್ಯಾಜ್ಯ ನಡೀತಿತ್ತು. ವಾಲಿ-ಸುಗ್ರೀವರದ್ದೂ ಅಣ್ಣ-ತಮ್ಮಂದಿರ ಜಗಳವೇ ತಾನೇ? ಎರಡನೇ ಸಲ ಸುಗ್ರೀವ ಬಂದು ಕೂಗಿದಾಗ ಹೋಗಬೇಡ ಅಂತ ತಾರೆ ವಾಲಿಯನ್ನ ತಡೀತಾಳೆ. ಆ ಮಾತಿನ ನಡುವೆ ಅಜ್ಜ ಪ್ರಸಂಗ ಬಿಟ್ಟು ಮನೆ ವಿಷಯ ತಂದ, "ತಪ್ಪು ತಮ್ಮನದು" ಅಂತ ಊರೆದುರು ಹೇಳಿಬಿಟ್ಟ ಅಂತ ಸುದ್ದಿಯಾಯಿತು. ಸಭೆಯಲ್ಲಿದ್ದ ಚಿಕ್ಕಜ್ಜ ಎದ್ದು ಹೋದನಂತೆ. ಆಮೇಲೆ ಅಜ್ಜ ಸಾಯೋ ತನಕ ಎರಡೂ ಮನೆಗೆ ಊಟದ ಬಳಕೆ ಇರಲಿಲ್ಲ. ಅಪ್ಪ ಆ ರಾತ್ರಿ ಅಲ್ಲೇ ಇದ್ದ, ಕಂಬದ ಹಿಂದೆ ಟೇಪ್‌ರೆಕಾರ್ಡರಿನ ಬ್ಯಾಟರಿ ನೋಡಿಕೊಳ್ತಾ. ಅವನೂ ಊರು ಹೇಳಿದ್ದನ್ನೇ ನಂಬಿದ್ದ. ಕ್ಯಾಸೆಟ್ಟಿನಲ್ಲಿ ಆ ಜಾಗ ಬಂದಾಗೆಲ್ಲ ಅವನಿಗೆ ಅದೇ ಕೇಳ್ತಿತ್ತು.

ಮಂಡಗದ್ದೆ ಹತ್ತಿರ ಬರ್ತಿತ್ತು. ಅಜ್ಜನ ದನಿ ಬಂತು, ಸ್ವಲ್ಪ ಮೂಗಿನ ದನಿ, ನಿಧಾನ. ಅಪ್ಪ ಸುಮ್ಮನೆ ಕೇಳ್ತಿದ್ದವನು ಇದ್ದಕ್ಕಿದ್ದ ಹಾಗೆ "ನಿಲ್ಸು, ಸ್ವಲ್ಪ ಹಿಂದೆ ಹಾಕು" ಅಂದ. ಹಾಕಿದೆ. "ಇನ್ನೊಂದ್ಸಲ." ಕಾರನ್ನ ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಅಪ್ಪ ಎಡಗಿವಿಯನ್ನ ಬಾಗಿಲಿಗೆ ಹತ್ತಿರ ತಂದು ಕೇಳಿದ.

"ನಿನಗೆ ಎಂಥ ಕೇಳ್ತು?"

"ತಪ್ಪು ತಮ್ಮದು ಅಂತ."

"ತಮ್ಮನದು ಅಲ್ಲ?"

"ಅಲ್ಲ ಅಪ್ಪ. ತಮ್ಮದು. ನ ಇಲ್ಲ ಅಲ್ಲಿ."

ತಾರೆ ಗಂಡನನ್ನ 'ತಾವು' ಅಂತಲೇ ಮಾತಾಡಿಸೋದಲ್ವಾ. ತಪ್ಪು ತಮ್ಮದು. ಅಂದ್ರೆ ವಾಲಿಯದು. ಅಂದ್ರೆ ಅಣ್ಣನದು. ತಮ್ಮ ಕೂತಿದ್ದ ಸಭೆಯಲ್ಲಿ ಅಣ್ಣನಾದ ಅಜ್ಜ ಹೇಳಿದ್ದು ಅದನ್ನ. ಒಂದು 'ನ' ಹೆಚ್ಚು ಕೇಳಿಸಿದ್ದಕ್ಕೆ ಎರಡು ಮನೆಗಳ ಎಲೆ ಬೇರೆಯಾಗಿತ್ತು.

ಅಪ್ಪ ಹೊಳೆ ಕಡೆ ನೋಡ್ತಾ ಕೂತ. ಅಮ್ಮ ಹಿಂದಿನಿಂದ ನೀರಿನ ಬಾಟಲಿ ಕೊಟ್ಟಳು. ಬಹಳ ಹೊತ್ತಿನ ಮೇಲೆ, "ಚಿಕ್ಕಪ್ಪನಿಗೆ ಕೇಳಿಸಬೇಕಿತ್ತು" ಅಂದ. ಚಿಕ್ಕಜ್ಜ ಹೋಗಿಯೂ ಹತ್ತು ವರ್ಷವಾಯ್ತು. ಅವನ ಮಗ ಊರಲ್ಲೇ ತೋಟ ಮಾಡಿಕೊಂಡಿದ್ದಾರೆ. ಹತ್ತು ಸಾವಿರದಲ್ಲಿ 9,550 ಖರ್ಚಾಗಿ 450 ಉಳಿದಿತ್ತು. ತೀರ್ಥಹಳ್ಳಿ ಪೇಟೆಯಲ್ಲಿ ಅದಕ್ಕೊಂದು ಪೆನ್‌ಡ್ರೈವ್ ತಗೊಂಡು, ಆ ಹತ್ತು ನಿಮಿಷ ಮಾತ್ರ ಹಾಕಿ, ಅಪ್ಪನೇ ಹೋಗಿ ಕೊಟ್ಟು ಬಂದ. ಅಲ್ಲಿ ಏನು ಮಾತಾಯ್ತು ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಊಟ ಮಾಡಿಕೊಂಡು ಬಂದಿದ್ದ, ಅಷ್ಟು ಗೊತ್ತು.

ಬೆಂಗಳೂರಿಗೆ ಬಂದ ಮರುದಿನ ಅಪ್ಪ ಆ ಉಕ್ತಲೇಖನದ ನೋಟ್‌ಬುಕ್ ಹಿಡಿದು ಕೂತಿದ್ದ. ತಪ್ಪಾದ ಆರು ಪದಗಳನ್ನ ನೋಡ್ತಿದ್ದ. ಎಲ್ಲವೂ ಸ, ಚ, ತ ಇರೋವೇ. "ಈ ಆರು ನಿನ್ನ ಸ್ಪೀಕರಿನ ಕೈಲಿ ಆಗೋದಲ್ಲ, ಅಲ್ವನಾ?" ಅಂದ. ಅಲ್ಲ ಅಂದೆ. ಕಾರು ಗದ್ದಲವನ್ನ ಕಮ್ಮಿ ಮಾಡಬಹುದು, ಕಿವಿಯ ಕೆಲಸವನ್ನ ಕಿವಿಗೇ ಮಾಡಿಸಬೇಕು. ಬೀರುವಿನಿಂದ ಮೈಸೂರಿನ ರಿಪೋರ್ಟು ಹೊರಗೆ ಬಂದಿದೆ. ಮುಂದಿನ ತಿಂಗಳು ಹೋಗ್ತಿದ್ದೀವಿ.

ಮಿಕ್ಕ ಕ್ಯಾಸೆಟ್ಟುಗಳನ್ನ ವಾರಕ್ಕೆ ಎರಡರಂತೆ ಕಂಪ್ಯೂಟರಿಗೆ ಇಳಿಸ್ತಾ ಇದ್ದೀನಿ, ಮೂವತ್ತೆರಡು ಆಗಿವೆ. ನಿಮ್ಮ ಮನೆ ಅಟ್ಟದಲ್ಲೂ ಯಾರದೋ ದನಿ ಇರೋ ಒಂದು ಕ್ಯಾಸೆಟ್ ಇದ್ದೇ ಇರತ್ತೆ. ತೆಗೀರಿ. ಹೆಡ್ ಒರೆಸಿ, ಆ ಪುಟ್ಟ ಸ್ಕ್ರೂ ಮರೀಬೇಡಿ. ಸ್ಪೀಕರಿನ ವಿಷಯ ಏನಾದ್ರೂ ಕೇಳೋದಿದ್ರೆ ಕೇಳಿ, ಗೊತ್ತಿರೋಷ್ಟು ಹೇಳ್ತೀನಿ. ಬಾಸ್ ಟ್ಯೂಬ್ ಬಗ್ಗೆ ಮಾತ್ರ ಕೇಳಬೇಡಿ.